ಅಚ್ಚಿಗೆ ಮೊದಲು ಓದುಗರನ್ನು ಹುಡುಕಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಹೊಸ ಲೇಖಕರಿಗೆ ಪ್ರಕಾಶಕರು ಹೇಳಬೇಕಾದ ಮೊದಲ ಮಾತು: ಗ್ರಂಥಾಲಯ ಇಲಾಖೆಯ ಸಗಟು ಖರೀದಿಯೊಂದನ್ನೇ ನಂಬಿ ಪುಸ್ತಕ ಅಚ್ಚು ಹಾಕಿಸಬೇಡಿ. ಖರೀದಿ ತಡವಾದರೆ ಸಾಲ ಮಾಡಿ ಮುದ್ರಿಸಿದ ಪ್ರತಿಗಳು ಮನೆಯಲ್ಲೇ ಉಳಿಯುತ್ತವೆ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದಿಂದ ಬೆಳೆಯಿತು. ಕಾದಂಬರಿಕಾರ ಗಳಗನಾಥರು ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದರು. ಓದುಗರೇ ಪುಸ್ತಕದ ನಿಜವಾದ ಬಂಡವಾಳ ಎಂಬುದಕ್ಕೆ ಇವು ಸಾಕ್ಷಿ.

ತಾಲ್ಲೂಕುಗಳಲ್ಲಿ ಪುಸ್ತಕದಂಗಡಿಗಳೇ ವಿರಳ, ಓದುಗರೆಲ್ಲಿ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಕಾಲೇಜುಗಳಿವೆ, ಸಾಹಿತ್ಯ ಪರಿಷತ್ತಿನ ಘಟಕಗಳಿವೆ, ಮೊಬೈಲಿನಲ್ಲೇ ಮುಂಗಡ ಬೇಡಿಕೆ ಪಡೆಯುವ ದಾರಿಯೂ ಇದೆ. ಓದುಗರಷ್ಟೇ ಮುಖ್ಯವಾದದ್ದು ಹಕ್ಕು; ಪ್ರಕಾಶಕರು ಸಿಕ್ಕ ಸಂತೋಷದಲ್ಲಿ ಲೇಖಕರು ಅದನ್ನು ಮರೆಯಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಹಿ ಮಾಡಿದ ಪತ್ರವಿಲ್ಲದೆ ಲೇಖಕರ ಹಕ್ಕು ಇನ್ನೊಬ್ಬರಿಗೆ ವರ್ಗವಾಗದು. ಆದ್ದರಿಂದ ಒಪ್ಪಂದವನ್ನು ಪೂರ್ತಿ ಓದಿ, ಗೌರವಧನವನ್ನು ಬರೆಸಿಕೊಂಡು, ಆಮೇಲೆ ಸಹಿ ಹಾಕಿ.