ನಮ್ಮಿಂದಾದೀತೆ?

“ನಮ್ಮಿಂದಾದೀತೆ?” ಎಂಬ ಒಂದೇ ಪ್ರಶ್ನೆಯು ನಮ್ಮ ತರುಣರ ಎಷ್ಟು ಉದ್ಯಮಗಳನ್ನು ಹುಟ್ಟುವ ಮೊದಲೇ ಕೊಂದಿದೆಯೆಂಬುದನ್ನು ಎಣಿಸಿದವರಿಲ್ಲ. ಬೆಳೆ ಹೋದರೆ ಪಂಚನಾಮೆಯಾಗುವದು. ಅಂಗಡಿ ಮುಳುಗಿದರೆ ಸಾಲ ಕೊಟ್ಟವರ ವಹಿಯಲ್ಲಿ ಲೆಕ್ಕವಾದರೂ ಉಳಿಯುವದು. ಆರಂಭವೇ ಆಗದ ಕೆಲಸದ ಹಾನಿಗೆ ಮಾತ್ರ ಯಾವ ದಫ್ತರದಲ್ಲಿಯೂ ದಾಖಲೆಯಿಲ್ಲ. ಪದವಿ ಪಡೆದ ಮಗನು ನೌಕರಿಗೆ ಅರ್ಜಿಯ ಮೇಲೆ ಅರ್ಜಿ ಹಾಕುತ್ತ ವರ್ಷಗಳನ್ನು ಕಳೆಯುವನು. ತಂದೆಯ ಅಂಗಡಿಯ ಗಾದಿಯ ಮೇಲೆ ಕೂಡ್ರಲು ಹಿಂಜರಿಯುವನು. ಕೇಳಿದರೆ ಬಂಡವಾಳವಿಲ್ಲವೆನ್ನುವನು. ಆ ಕೊರತೆ ಸುಳ್ಳಲ್ಲ. ಆದರೆ ಅದಕ್ಕಿಂತ ಮೊದಲಿನ ಕೊರತೆ ಧೈರ್ಯದ್ದು.

ನಮ್ಮ ನವಲಗುಂದಕ್ಕೆ ನೆರೆಯಾದ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರ ಚರಿತ್ರೆಯನ್ನು ಇಲ್ಲಿ ನೆನೆಯುವದು ಉಚಿತ. ಚಿತ್ರಕಾರನಾಗಬೇಕೆಂದು ಅವರು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು, ಕೆಲವು ಬಣ್ಣಗಳ ಭೇದ ತಮ್ಮ ಕಣ್ಣಿಗೆ ತಿಳಿಯದೆಂಬುದು ಅಲ್ಲಿ ಗೊತ್ತಾಯಿತು. ಕುಂಚವನ್ನು ಬಿಟ್ಟು ಯಂತ್ರಗಳ ರೇಖಾಚಿತ್ರಕ್ಕೆ ತಿರುಗಿ, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಶಾಲೆಯಲ್ಲಿ ಶಿಕ್ಷಕರಾದರು. ಅಲ್ಲಿ ನ್ಯಾಯವಾಗಿ ದೊರೆಯಬೇಕಾದ ಬಡತಿ ಕೈತಪ್ಪಿತು. ನೌಕರಿಯನ್ನು ಬಿಟ್ಟು ಬಂದು, ಅಣ್ಣ ರಾಮಣ್ಣನವರೊಡನೆ ಬೆಳಗಾವಿಯ ಸೈಕಲ್ಲಿನ ಅಂಗಡಿಯಲ್ಲಿ ದುಡಿದರು. 1903ರಲ್ಲಿ ಕಬ್ಬಿಣದ ನೇಗಿಲನ್ನು ಮಾಡಿದರು. ಕಬ್ಬಿಣವು ನೆಲಕ್ಕೆ ವಿಷವೇರಿಸುವದೆಂದು ರೈತರು ಅಂಜಿದರು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿದವು. ಮುಂದೆ ಬೆಳಗಾವಿಯ ಜಾಗವನ್ನೂ ಬಿಡಬೇಕಾಗಿ ಬಂತು. ಔಂಧದ ಅರಸರ ನೆರವಿನಿಂದ 1910ರಲ್ಲಿ ಕುಂಡಲದ ಹತ್ತಿರದ ಬಂಜರು ನೆಲದಲ್ಲಿ ಕಿರ್ಲೋಸ್ಕರವಾಡಿಯು ಎದ್ದು ನಿಂತಿತು.

ಆ ಎರಡು ವರ್ಷಗಳಲ್ಲಿ ಅವರಿಗೆ ಸಂಶಯವೇ ಬಂದಿರಲಿಲ್ಲವೆಂದು ನಾವು ಹೇಳಲಾರೆವು. ಹೇಳತಕ್ಕದ್ದಿಷ್ಟೇ: “ನಾನು ಯೋಗ್ಯನೇ?” ಎಂಬ ಪ್ರಶ್ನೆಗೆ ಮನೆಯಲ್ಲಿ ಕುಳಿತು ಉತ್ತರ ದೊರೆಯದು, “ನೇಗಿಲಿನಲ್ಲಿ ಕೊರತೆ ಏನು?” ಎಂಬ ಪ್ರಶ್ನೆಗೆ ಹೊಲದಲ್ಲಿ ದೊರೆಯುವದು. ಆತ್ಮವಿಶ್ವಾಸವು ಉದ್ಯಮಕ್ಕೆ ಹೂಡುವ ಬಂಡವಾಳವಲ್ಲ. ಉದ್ಯಮದಿಂದ ಬರುವ ಮೊದಲ ಲಾಭ. ಅದು ಮೊದಲೇ ಕೈಸೇರಲೆಂದು ಕಾಯುವವನು, ಈಸು ಬಂದ ಮೇಲೆಯೇ ಕೆರೆಗೆ ಇಳಿಯುವೆನೆಂಬವನ ಹಾಗೆ ದಂಡೆಯಲ್ಲಿಯೇ ಮುದುಕನಾಗುವನು.

ಇನ್ನು ನಮ್ಮೂರ ಜಮಖಾನವನ್ನು ನೋಡಿರಿ. ಮನೆಯೊಳಗೆ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಹೆಣ್ಣುಮಕ್ಕಳು ಹತ್ತಿಯ ನೂಲಿನಲ್ಲಿ ನವಿಲನ್ನೂ ಪಗಡೆಯ ಹಾಸನ್ನೂ ಮೂಡಿಸುವ ಈ ವಿದ್ಯೆಗೆ 2011ರಲ್ಲಿ ಭೌಗೋಲಿಕ ಸೂಚಿಯ ಮನ್ನಣೆ ದೊರೆಯಿತು. ಹೆಸರು ದೂರ ಹೋಯಿತು. ನೇಯುವವರು ಮಾತ್ರ ಕಡಿಮೆಯಾಗುತ್ತ ನಡೆದಿದ್ದಾರೆ. ಇದಕ್ಕೆ ಅವರ ಅಧೈರ್ಯವೇ ಕಾರಣವೆಂದರೆ ಅನ್ಯಾಯದ ಮಾತಾದೀತು. ದುಡಿಮೆಗೆ ತಕ್ಕ ಕೂಲಿ ಹುಟ್ಟುವದಿಲ್ಲ. ಯಂತ್ರದ ಅಗ್ಗದ ಹಾಸುಗಳು ಪೇಟೆಯನ್ನು ತುಂಬಿವೆ. ತಮ್ಮ ಕೈಯ ಮೇಲೆ ಆ ತಾಯಂದಿರಿಗೆ ಸಂಶಯವಿಲ್ಲ. ಸಂಶಯವಿರುವದು, ಅದನ್ನು ಮಾರುವ ಕೆಲಸ ನಮ್ಮಿಂದಾದೀತೆ ಎಂದು ಕೈಕಟ್ಟಿ ಕುಳಿತ, ನಾಲ್ಕಕ್ಷರ ಕಲಿತ ನಮಗೆ.

ಮನೆಮಾರನ್ನು ಒತ್ತೆಯಿಟ್ಟು ಸಾಹಸಕ್ಕೆ ಧುಮುಕಿರೆಂದು ನಾವು ಹೇಳುವದಿಲ್ಲ. ಸೋತರೂ ಸಂಸಾರ ನಿಲ್ಲುವಷ್ಟು ಸಣ್ಣದಾಗಿರಲಿ ಮೊದಲ ಹೆಜ್ಜೆ. ಕಲಿತ ತರುಣನೊಬ್ಬನು ಹತ್ತು ಜಮಖಾನಗಳನ್ನು ಹುಬ್ಬಳ್ಳಿ-ಧಾರವಾಡಗಳಿಗೆ ಒಯ್ದು ಹತ್ತು ಬಾಗಿಲುಗಳನ್ನು ತಟ್ಟಲಿ. ಎಂಟು ತಿರುಗಿ ಬಂದರೆ, ಯಾಕೆ ಬಂದವೆಂಬುದನ್ನು ಬರೆದಿಡಲಿ. ಆ ಟಿಪ್ಪಣಿಯೇ ಅವನ ಪಾಠಶಾಲೆ. ಕಚೇರಿಯ ಅಧಿಕಾರಿಗಳೂ ಬ್ಯಾಂಕಿನ ಮುಖ್ಯಸ್ಥರೂ ಅಂಥವನನ್ನು ಮೇಜಿನಿಂದ ಮೇಜಿಗೆ ಅಲೆಸದಿರಲಿ. ಅವನು ಕೇಳುವ ಸಣ್ಣ ಮೊತ್ತಕ್ಕೆ ಹೌದೆಂದೋ ಇಲ್ಲವೆಂದೋ ಬೇಗನೆ ಹೇಳಲಿ.

ಮನೆಯ ಹಿರಿಯರಿಗೂ ಒಂದು ಮಾತು. “ನನ್ನಿಂದಾದೀತೆ?” ಎಂದು ಮಗನು ತನ್ನನ್ನೇ ಕೇಳಿಕೊಳ್ಳುವ ಮೊದಲು, “ನಿನ್ನಿಂದೇನಾದೀತು!” ಎಂಬ ಮಾತು ನಮ್ಮ ಪಡಸಾಲೆಯಲ್ಲಿಯೇ ಅವನ ಕಿವಿಗೆ ಬಿದ್ದಿರುತ್ತದೆ. ಆ ಮಾತನ್ನು ನಾವು ನುಂಗಿಕೊಂಡರೆ ಅರ್ಧ ಕೆಲಸ ಆದಂತೆಯೇ.