ಕದಲದ ನಷ್ಟವನ್ನು ಕಾಣುವವರಾರು?

ಹುಕ್ಕೇರಿ ತಾಲೂಕಿನಲ್ಲಿ ವಿದ್ಯುತ್ತನ್ನು ವಿತರಿಸುತ್ತ ಬಂದಿರುವುದು ಸರಕಾರಿ ಕಂಪನಿಯಲ್ಲ, ದೇಶದ ಮೊದಲ ಐದು ಪ್ರಾಯೋಗಿಕ ಸಂಘಗಳಲ್ಲಿ ಒಂದಾಗಿ 1969ರಲ್ಲಿ ಜನ್ಮತಳೆದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಕೊಂಡ ಯೂನಿಟ್ಟುಗಳಿಗೂ ಬಿಲ್ಲಿಗೆ ಬಂದ ಯೂನಿಟ್ಟುಗಳಿಗೂ ನಡುವಣ ಅಂತರವೇ ವಿತರಣೆಯ ನಷ್ಟವಷ್ಟೆ. ಸಹಕಾರಿ ವ್ಯವಸ್ಥೆಯಲ್ಲಿ ಅದರ ಭಾರ ಕಟ್ಟಕಡೆಗೆ ಸದಸ್ಯರ ತಲೆಯ ಮೇಲೆಯೇ.

ಈ ಬಗೆಯ ಲೆಕ್ಕವಿಡುವ ಕಚೇರಿಗಳಲ್ಲಿ ಇಂದು ಫೀಡರಿಗೊಂದರಂತೆ, ಅಂದರೆ ಒಂದೊಂದು ವಿತರಣಾ ಮಾರ್ಗಕ್ಕೆ ಒಂದರಂತೆ, ಬಳಕೆ-ನಷ್ಟಗಳ ರೇಖಾನಕ್ಷೆಗಳನ್ನು ಕಂಪ್ಯೂಟರು ಕ್ಷಣಾರ್ಧದಲ್ಲಿ ಬರೆದುಕೊಡಬಲ್ಲುದು. ಆದರೆ ಅವೆಲ್ಲವನ್ನೂ ಪರಾಂಬರಿಸುವ ವ್ಯವಧಾನ ಅಧಿಕಾರಿಗಳಿಗೆ ಇಲ್ಲದುದರಿಂದ, ಹಿಂದಿನ ತಿಂಗಳಿಗಿಂತ, ಉದಾಹರಣೆಗೆ, ಶೇಕಡಾ 10ಕ್ಕೂ ಮಿಕ್ಕು ಏರಿಳಿದವನ್ನು ಮಾತ್ರ ತೋರಿಸಿ ಉಳಿದವನ್ನು ಮರೆಮಾಡುವಂತೆ ಮಿತಿಯೊಂದನ್ನು ವಿಧಿಸುವ ಪದ್ಧತಿ ರೂಢಿಗೆ ಬಂದಿದೆ. ಪದ್ಧತಿಯನ್ನು ನಾನು ಹಳಿಯುವವನಲ್ಲ; ಎಲ್ಲಕ್ಕೂ ಒಂದೇ ಮಿತಿಯೆಂಬ ಸೋಮಾರಿತನಕ್ಕೆ ನನ್ನ ಆಕ್ಷೇಪ.

ಮಳೆಗಾಲದಲ್ಲಿ ಪಂಪ್‌ಸೆಟ್ಟುಗಳು ಸುಮ್ಮನಾಗಿ ಬೇಸಗೆಯಲ್ಲಿ ಕಬ್ಬಿಗೆ ನೀರೆತ್ತುವ, ಹುಕ್ಕೇರಿಯ ಹೊರಗಿನ ಮೂಡಲಗಿಯ ಕಡೆಯ ಫೀಡರು ವರ್ಷವರ್ಷವೂ ಮಿತಿಯನ್ನು ದಾಟಿ ಕಣ್ಣಿಗೆ ಬೀಳುವುದು ಋತುಮಾನದ ಸಹಜ ಏರಿಳಿತವೇ ಹೊರತು ಸುದ್ದಿಯಲ್ಲ. ಗೋಕಾಕದ ಕರದಂಟಿನ ವ್ಯಾಪಾರಿಯಾದರೂ ದೀಪಾವಳಿಯ ಮಾರಾಟವನ್ನು ಹೋದ ದೀಪಾವಳಿಯೊಡನೆ ಹೋಲಿಸುವನಲ್ಲದೆ ಹಿಂದಿನ ತಿಂಗಳಿನೊಡನೆ ಹೋಲಿಸಲಾರ. ಇನ್ನು, ಗೋಕಾಕದಿಂದ ಬೇರ್ಪಟ್ಟು ಮೂಡಲಗಿಯು ಸ್ವತಂತ್ರ ತಾಲೂಕಾದಾಗ, ತಾಲೂಕುವಾರು ಅಂಕಿಗಳಲ್ಲಿ ಗೋಕಾಕದ ರೇಖೆ ತಟ್ಟನೆ ಕುಸಿಯುವುದು ಅನಿವಾರ್ಯ. ನೆಲದ ಮೇಲೆ ಕುಸಿದದ್ದು ಏನೂ ಇಲ್ಲ, ಗಡಿ ಸರಿದಿತ್ತಷ್ಟೆ. ಇಂಥವು ಪರದೆಯನ್ನು ತುಂಬಿಕೊಂಡಿರಲಾಗಿ, ತಿಂಗಳು ತಿಂಗಳೂ ಕಾಲು ಭಾಗ ವಿದ್ಯುತ್ತನ್ನು ಒಂದೇ ಸಮನೆ ನುಂಗುವ ಫೀಡರೊಂದು ಇದೆಯೆಂದಿಟ್ಟುಕೊಂಡರೆ, ಅದು ಅಲುಗದೆ ಇರುವ ಕಾರಣದಿಂದಲೇ ಎಂದೆಂದಿಗೂ ದೃಷ್ಟಿಗೋಚರವಾಗದು.

ಅಮೆರಿಕದ ಟೆಲಿಫೋನ್ ಸಲಕರಣೆಗಳ ತಯಾರಿಕೆಗಾಗಿ 1924ರಲ್ಲಿ ನಿಯಂತ್ರಣ ನಕ್ಷೆಯನ್ನು ರೂಪಿಸಿದ ವಾಲ್ಟರ್ ಶೂಹಾರ್ಟನು ಮಿತಿಯನ್ನು ಹೊರಗಿನಿಂದ ಹೇರದೆ ಆಯಾ ಪ್ರಕ್ರಿಯೆಯ ಪೂರ್ವದ ಏರಿಳಿತದಿಂದಲೇ ಗಣಿಸಿದನು. ಹಿಂದಿನ ವರ್ಷಗಳ ಅದೇ ತಿಂಗಳಿನ ಏರಿಳಿತದಿಂದ ಹೀಗೆ ಮಿತಿಯನ್ನು ಗಣಿಸಿದರೆ ಋತುವಿನ ಗೊಂದಲ ಬಹುಮಟ್ಟಿಗೆ ಹರಿದೀತು. ಆದರೆ ಸ್ಥಿರವಾದುದೆಲ್ಲ ಸಮರ್ಪಕವಲ್ಲವೆಂಬುದನ್ನು ಅವನ ನಕ್ಷೆಯೂ ತಾನಾಗಿ ನುಡಿಯದು. ಆದುದರಿಂದ ಬದಲಾವಣೆಯ ಮಿತಿಯ ಜೊತೆಗೆ ನಷ್ಟದ ಮಟ್ಟಕ್ಕೂ ಪ್ರತ್ಯೇಕ ಮಿತಿಯಿರಬೇಕು. ಶೇಕಡಾವಾರಿನೊಡನೆ ಯೂನಿಟ್ಟನ್ನೂ ನೋಡಬೇಕು, ಏಕೆಂದರೆ ತೋಟದ ವಸತಿಯೊಂದರ ಶೇಕಡಾ 50ಕ್ಕಿಂತ ಪೇಟೆಯ ಶೇಕಡಾ 3 ಹೆಚ್ಚಿನ ಹಣವಾದೀತು. ಮಿತಿಯೆಷ್ಟು, ಅದನ್ನು ವಿಧಿಸಿದವರಾರು, ಅದರಿಂದ ಮರೆಯಾದ ನಕ್ಷೆಗಳೆಷ್ಟು ಎಂಬುದನ್ನು ವರದಿಯ ತಲೆಯಲ್ಲೇ ಬರೆದು ವಾರ್ಷಿಕ ಸರ್ವಸಾಧಾರಣ ಸಭೆಯ ಮುಂದಿಡಬೇಕೆಂದು ಕೇಳುವ ಹಕ್ಕು ಸಹಕಾರಿ ಸಂಘದ ಸದಸ್ಯನಿಗೆ ಇದ್ದೇ ಇದೆ.