ಸೆರೆವಾಸದ ತಕ್ಕಡಿ

ಮಾದಕದ್ರವ್ಯಗಳ ವ್ಯಾಪಾರಿಗಳಿಗೆ ಇನ್ನೂ ದೀರ್ಘವಾದ ಸೆರೆವಾಸವನ್ನು ವಿಧಿಸಬೇಕೆಂಬ ಕೂಗು ಇಂದು ಎಲ್ಲ ಕಡೆಗಳಿಂದಲೂ ಏಳುತ್ತಿದೆ. ಪಂಜಾಬಿನ ಮಂತ್ರಿಮಂಡಲವು 2018ರ ಜುಲೈಯಲ್ಲಿ ಅಂಥವರಿಗೆ ಮರಣದಂಡನೆಯೇ ಆಗಬೇಕೆಂದು ಕೇಂದ್ರ ಸರಕಾರಕ್ಕೆ ಶಿಫಾರಸು ಮಾಡಿತ್ತು. ಅಮೆರಿಕದಲ್ಲಿ 2025ರ ಜುಲೈ 16ರಂದು ಅಂಕಿತ ಪಡೆದ ಕಾಯಿದೆಯು, ಫೆಂಟನಿಲನ್ನು ಹೋಲುವ ಕೃತಕ ದ್ರವ್ಯಗಳನ್ನು 100 ಗ್ರಾಮಿನಷ್ಟು ಸಾಗಿಸಿದವನಿಗೆ ಕನಿಷ್ಠ 10 ವರ್ಷಗಳ ಸೆರೆಯನ್ನು ಕಾಯಂ ಮಾಡಿತು. ನಮ್ಮ ಕುಂಬ್ಡಾಜೆಯ ಕಡೆ ರಕ್ಷಕ ಶಿಕ್ಷಕ ಸಂಘದ ಸಭೆ ಸೇರಿದರೂ ಇದೇ ಮಾತು: ಶಿಕ್ಷೆ ಸಾಲದು, ಕಾಯಿದೆ ಹೇಳುವ ತೂಕದ ಮಿತಿಯನ್ನು ಇಳಿಸಬೇಕು, ಸಿಕ್ಕಿದವನು ಹತ್ತು ವರ್ಷ ಹೊರಗೆ ಬರಕೂಡದು. ಹೀಗೆ ಹೇಳುವವರ ಸಂಕಟ ನಮಗೆ ತಿಳಿಯದುದಲ್ಲ. ಆದರೂ ಈ ಬೇಡಿಕೆಯನ್ನು ನಾವು ವಿರೋಧಿಸುತ್ತೇವೆ.

ಮೊದಲು ಇರುವ ಕಾಯಿದೆಯನ್ನು ನೋಡೋಣ. 1985ರ ಎನ್‌ಡಿಪಿಎಸ್ ಕಾಯಿದೆಯು 2001ರ ತಿದ್ದುಪಡಿಯ ಬಳಿಕ ಶಿಕ್ಷೆಯನ್ನು ತಕ್ಕಡಿಯಲ್ಲಿ ತೂಗುತ್ತದೆ. ಅಲ್ಪ ಪ್ರಮಾಣವಾದರೆ ಒಂದು ವರ್ಷದ ವರೆಗೆ, ವಾಣಿಜ್ಯ ಪ್ರಮಾಣವಾದರೆ 10ರಿಂದ 20 ವರ್ಷ ಕಠಿಣ ಸಜೆ ಮತ್ತು ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ, ನಡುವಿನದಕ್ಕೆ 10 ವರ್ಷದ ವರೆಗೆ. ವಾಣಿಜ್ಯ ಪ್ರಮಾಣವೆಂದರೆ ಹೆರಾಯಿನಿಗೆ 250 ಗ್ರಾಂ, ನಮ್ಮ ಕಡೆ ಹೆಚ್ಚು ಕೇಳಿಬರುವ ಎಂಡಿಎಂಎಗೆ 10 ಗ್ರಾಂ, ಫೆಂಟನಿಲಿಗೆ ಕೇವಲ 0.1 ಗ್ರಾಂ. (ಎಂಡಿಎಂಎ ಅಫೀಮಿನ ಬಳಗದ್ದಲ್ಲ, ಬೇರೆಯೇ ಜಾತಿಯ ವಿಷ. ಸಭೆಗಳಲ್ಲಿ ಭಾಷಣ ಮಾಡುವವರು ಇಷ್ಟನ್ನಾದರೂ ತಿಳಿದುಕೊಂಡು ಬಂದರೆ ಒಳ್ಳೆಯದು.) ಮೇಲಾಗಿ, ಹಿಟ್ಟೋ ಸಕ್ಕರೆಯೋ ಬೆರೆತಿದ್ದರೆ ಆ ಬೆರಕೆಯನ್ನೂ ಸೇರಿಸಿಯೇ ತೂಗಬೇಕೆಂದು ಸುಪ್ರೀಂ ಕೋರ್ಟು 2020ರ ಹೀರಾಸಿಂಗ್ ಮೊಕದ್ದಮೆಯಲ್ಲಿ ತೀರ್ಮಾನಿಸಿದೆ. ಅಂದ ಮೇಲೆ ಕಾಯಿದೆ ಮೆದುವಾಗಿದೆ ಎಂಬ ಮಾತೇ ನಿಲ್ಲದು.

ಇನ್ನು ಮಿತಿಯನ್ನು ಇಳಿಸಿದರೆ ಬಲೆಗೆ ಬೀಳುವವರು ಯಾರು? ಬೆಂಗಳೂರಿನಲ್ಲಿಯೋ ಸಮುದ್ರದಾಚೆಯೋ ಕುಳಿತು ಹಣ ಹೂಡುವವನು ಪೊಟ್ಟಣವನ್ನು ಕೈಯಿಂದ ಮುಟ್ಟುವುದಿಲ್ಲ. ಮುಟ್ಟುವವನು ಬಸ್ಸಿನಲ್ಲಿ ತಲಪಾಡಿ ದಾಟುವ ಹುಡುಗ. ಅವನ ಚೀಲದಲ್ಲಿರುವುದೇ ತಕ್ಕಡಿಗೆ ಬೀಳುತ್ತದೆ. ಇಲ್ಲಿಯೇ ಉಪಾಧ್ಯಾಯರಾದ ನಾವು ಗಮನಿಸಲೇಬೇಕಾದ ಒಂದು ಸಂಗತಿಯಿದೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ, ಕನಿಷ್ಠ ಏಳು ವರ್ಷ ಸಜೆಯುಳ್ಳ ಅಪರಾಧವು 'ಘೋರ ಅಪರಾಧ'. ಹದಿನಾರು ತುಂಬಿದ ಬಾಲಕನು ಅಂಥದನ್ನು ಮಾಡಿದನೆಂಬ ಆರೋಪವಿದ್ದರೆ, ಬಾಲನ್ಯಾಯ ಮಂಡಲಿಯು ಅವನನ್ನು ಪರೀಕ್ಷಿಸಿ, ದೊಡ್ಡವರಂತೆಯೇ ವಿಚಾರಣೆಗೆ ಗುರಿಪಡಿಸಬಹುದು. ವಾಣಿಜ್ಯ ಪ್ರಮಾಣದ ಮೊಕದ್ದಮೆಗೆ ಕನಿಷ್ಠ ಸಜೆ ಹತ್ತು ವರ್ಷವಾದುದರಿಂದ ಅದು ಈ ಗುಂಪಿಗೇ ಸೇರುತ್ತದೆ. ಇಂದು 10 ಗ್ರಾಂ ಇರುವ ಮಿತಿಯನ್ನು ನಾಳೆ ಎರಡು ಗ್ರಾಮಿಗೆ ಇಳಿಸಿರೆಂದು ನಾವು ಕೈಯೆತ್ತಿದರೆ, ಹನ್ನೊಂದನೆಯ ತರಗತಿಯ ಹುಡುಗನಿಗೂ ಆ ಬಾಗಿಲನ್ನು ನಾವೇ ತೆರೆದಂತೆ. ನಾಲ್ಕು ವರ್ಷ ಅಕ್ಷರ ಕಲಿಸಿ ಕಳುಹಿಸಿದ ಮಗುವದು. ಅದೇ ಬಾಲನ್ಯಾಯ ಕಾಯಿದೆಯ 78ನೆಯ ವಿಧಿಯು, ಮಕ್ಕಳ ಕೈಯಿಂದ ಮಾದಕದ್ರವ್ಯ ಸಾಗಿಸುವ ವಯಸ್ಕನಿಗೆ ಏಳು ವರ್ಷದ ವರೆಗೆ ಸಜೆ ಹೇಳುತ್ತದೆ. ಶಿಕ್ಷೆಯನ್ನು ಹೆಚ್ಚಿಸಬೇಕೆಂದು ಗಂಟಲು ಹರಿದುಕೊಳ್ಳುವ ಮಹಾಶಯರಲ್ಲಿ ಒಬ್ಬರಾದರೂ ಈ ವಿಧಿಯ ಹೆಸರೆತ್ತಿದ್ದನ್ನು ನಾವು ಕೇಳಿಲ್ಲ.

ಕಠೋರ ಕಾಯಿದೆಯ ಏಟು ಕೆಲವೊಮ್ಮೆ ಯಾರ ಮೇಲೆ ಬೀಳುತ್ತದೆಂಬುದಕ್ಕೆ ದೂರದ ನಿದರ್ಶನ ಬೇಕಾಗಿಲ್ಲ. ಅರ್ಬುದ ರೋಗಿಯ ನೋವನ್ನು ತಣಿಸುವ ಮಾರ್ಫಿನ್ ಕೂಡ ಅಫೀಮಿನ ಮಗುವೇ. 1985ರ ಕಾಯಿದೆ ಬಂದ ಮೇಲೆ ಹತ್ತಾರು ಪರವಾನಗಿಗಳ ಕಾಟಕ್ಕೂ, ಲೆಕ್ಕದಲ್ಲಿ ತಪ್ಪಿದರೆ ಹತ್ತು ವರ್ಷ ಸೆರೆಯೆಂಬ ಭಯಕ್ಕೂ ಆಸ್ಪತ್ರೆಗಳೂ ಔಷಧದ ಅಂಗಡಿಗಳೂ ಅದನ್ನು ಇಡುವುದನ್ನೇ ಬಿಟ್ಟವು. 1997ರ ಹೊತ್ತಿಗೆ ದೇಶದಲ್ಲಿ ಔಷಧವಾಗಿ ಅದರ ಬಳಕೆ ಶೇಕಡಾ 97ರಷ್ಟು ಕುಸಿದಿತ್ತು. ರೋಗಿಗಳು ನರಳುತ್ತ ಸತ್ತರು. 1993ರಲ್ಲಿ ಕೋಝಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮೊದಲಾದವರು ನೋವು ಶಮನದ ಸಂಸ್ಥೆಯನ್ನು ಕಟ್ಟಿ ಹೋರಾಡಿದರು. ಸಂಸತ್ತು ಕಾಯಿದೆಯನ್ನು ಸಡಿಲಿಸಿದ್ದು 2014ರಲ್ಲಿ. ಎಂಡೋಸಲ್ಫಾನಿನ ಹನ್ನೊಂದು ಪಂಚಾಯತುಗಳಲ್ಲಿ ಕುಂಬ್ಡಾಜೆಯೂ ಒಂದು. ಗೇರುತೋಟಗಳ ಮೇಲೆ 2000ದ ವರೆಗೆ ಆಕಾಶದಿಂದ ಸುರಿದ ಆ ವಿಷದ ಫಲವನ್ನು ಹಾಸಿಗೆಯ ಮೇಲೆ ಕಂಡ ನಮಗೆ, ನೋವಿನ ಮದ್ದು ರೋಗಿಯ ಮನೆಗೆ ತಲುಪದಂತೆ ಮಾಡುವ ಕಾಯಿದೆ ಎಂಥದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಅಮೆರಿಕವು 1986ರಿಂದಲೇ ಕನಿಷ್ಠ ಸಜೆಗಳನ್ನು ಇಟ್ಟುಕೊಂಡು ಬಂದಿದೆ. ಫಲ? 2022ರೊಂದರಲ್ಲೇ ಅಲ್ಲಿ ಮಿತಿಮೀರಿದ ಸೇವನೆಯಿಂದ 1,07,000ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಫೆಂಟನಿಲಿನಂಥ ಕೃತಕ ದ್ರವ್ಯಗಳೇ. 2024ರಲ್ಲಿ ಆ ಸಂಖ್ಯೆ ಸುಮಾರು 80,000ಕ್ಕೆ ಇಳಿಯಿತು. ಹೊಸ ಕಾಯಿದೆಯಿಂದ ಇಳಿಯಿತೆನ್ನುವಂತಿಲ್ಲ. ಅದು ಬಂದದ್ದೇ ಮರುವರ್ಷ.

ಹಾಗಾದರೆ ವ್ಯಾಪಾರಿಯನ್ನು ಬಿಟ್ಟುಬಿಡಬೇಕೇ? ಖಂಡಿತ ಬೇಡ. ಸರಕಿಗೆ ಹಣ ಹೂಡುವವನಿಗೂ ಈ ಕಾಯಿದೆಯ 27ಎ ವಿಧಿಯಲ್ಲಿ 10ರಿಂದ 20 ವರ್ಷ ಸಜೆಯಿದೆ. ಅದನ್ನು ನಡೆಸಲಿ. ವ್ಯಸನಿಯು ತಾನಾಗಿ ಚಿಕಿತ್ಸೆಗೆ ಬಂದರೆ ಅಲ್ಪ ಪ್ರಮಾಣದ ಆರೋಪದಿಂದ ರಕ್ಷಣೆ ಕೊಡುವ 64ಎ ವಿಧಿಯನ್ನು ತಂದೆತಾಯಿಗಳಿಗೆ ತಿಳಿಸಲಿ. ಮಗನನ್ನು ವೈದ್ಯರ ಬಳಿಗೆ ಕರೆದೊಯ್ದರೆ ಪೋಲೀಸರು ಹಿಡಿದಾರೆಂದು ಮನೆಯಲ್ಲೇ ಬಚ್ಚಿಡುವ ತಾಯಂದಿರು ನಮ್ಮಲ್ಲಿದ್ದಾರೆ.

ತಿಳಿಸುವುದಾದರೂ ಯಾವ ನುಡಿಯಲ್ಲಿ? ಒಂದು ಕಛೇರಿಯಿಂದ ನಮ್ಮ ಕನ್ನಡ ಶಾಲೆಗೆ ಬಂದ ಮಾದಕದ್ರವ್ಯ ವಿರೋಧಿ ಕರಪತ್ರಗಳ ಕಟ್ಟಿನಲ್ಲಿ ಒಂದು ಹಾಳೆಯೂ ಕನ್ನಡದ್ದಾಗಿರಲಿಲ್ಲ. ಮಕ್ಕಳು ಅವುಗಳಿಂದ ದೋಣಿ ಮಾಡಿದರು. ಕರಪತ್ರದ ಮಾತು ಹಾಗಿರಲಿ. ಮೈ ಶೋಧಿಸುವ ಮುನ್ನ, ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಎದುರಿಗೇ ಶೋಧನೆ ನಡೆಯಲೆಂದು ಕೇಳುವ ಹಕ್ಕು 50ನೆಯ ವಿಧಿಯಂತೆ ನಿನಗಿದೆಯೆಂದು ಆ ಮನುಷ್ಯನಿಗೆ ಹೇಳಲೇಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 1999ರಲ್ಲಿ ತೀರ್ಪಿತ್ತಿತು. ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದೇ ಕೊಡಬೇಕೆಂದು 2025ರ ನವೆಂಬರಿನಲ್ಲಿ ಅದೇ ನ್ಯಾಯಾಲಯ ಹೇಳಿತು. 1956ರ ನವೆಂಬರ್ 1ರಿಂದ ಕೇರಳದಲ್ಲಿರುವ ಕನ್ನಡಿಗರಿಗೆ ಇದು ಸಣ್ಣ ಮಾತಲ್ಲ. ಹತ್ತು ವರ್ಷದ ಸೆರೆಗೆ ಗುರಿಯಾಗಬಹುದಾದ ಹುಡುಗನಿಗೆ ಓದಲು ಬಾರದ ಲಿಪಿಯ ಕಾಗದವನ್ನು ಕೊಟ್ಟು ಸಹಿ ಹಾಕಿಸಿಕೊಂಡರೆ ಅವನು ಏನನ್ನು ತಿಳಿದಂತಾಯಿತು?

ಆದುದರಿಂದ ಮುಂದಿನ ಸಭೆಯಲ್ಲಿ ತೂಕ ಇಳಿಸುವ ಠರಾವು ಬಂದರೆ ನಾವು ಕೈಯೆತ್ತುವುದಿಲ್ಲ. ಅದರ ಬದಲಿಗೆ, ಜಿಲ್ಲೆಯ ಪ್ರತಿಯೊಂದು ಪೋಲೀಸ್ ಠಾಣೆಯಲ್ಲಿಯೂ ಅಬಕಾರಿ ಕಛೇರಿಯಲ್ಲಿಯೂ ಬಂಧನದ ಕಾಗದವೂ 50ನೆಯ ವಿಧಿಯ ತಿಳುವಳಿಕೆಯೂ ಕನ್ನಡದಲ್ಲಿ ಅಚ್ಚಾಗಿರಬೇಕೆಂಬ ಠರಾವನ್ನು ಮಂಡಿಸಲಿದ್ದೇವೆ. ಅನುಮೋದಿಸಲು ಸಿದ್ಧರಿರುವ ಉಪಾಧ್ಯಾಯ ಬಂಧುಗಳು ಸಭೆಗೆ ಮೊದಲೇ ತಿಳಿಸಬೇಕಾಗಿ ಕೋರುತ್ತೇವೆ. ಕನ್ನಡ ಪ್ರತಿಯನ್ನು ಸಿದ್ಧಪಡಿಸುವ ಕೆಲಸಕ್ಕೆ ಕೂಲಿ ಬೇಡ. ಅದನ್ನು ನಾವೇ ಮಾಡಿಕೊಡುತ್ತೇವೆ.